ಕೊಕ್ಕು ಅಳೆದು ಹೆಸರಿಟ್ಟ ಹಕ್ಕಿ: ಪ್ರೈಯಾನ್‌ಗಳು ಎಷ್ಟು ಬಗೆ ಎಂಬ ಪ್ರಶ್ನೆ ಯಾಕೆ ಮುಖ್ಯ?

ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಗಾಫ್ ಎಂಬ ದ್ವೀಪವಿದೆ. ಬ್ರಿಟನ್ನಿಗೆ ಸೇರಿದ ನೆಲ. ದಕ್ಷಿಣ ಆಫ್ರಿಕದ ಹವಾಮಾನ ಕೇಂದ್ರದ ಬೆರಳೆಣಿಕೆಯ ಸಿಬ್ಬಂದಿಯನ್ನು ಬಿಟ್ಟರೆ ಅಲ್ಲಿ ಮನುಷ್ಯರಿಲ್ಲ, ಉಳಿದದ್ದೆಲ್ಲ ಕಡಲಹಕ್ಕಿಗಳ ರಾಜ್ಯ. ಅಗಲಕೊಕ್ಕಿನ ಪ್ರೈಯಾನ್ ಎಂಬ ಪುಟ್ಟ ಹಕ್ಕಿ ಆ ದ್ವೀಪದಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಗೂಡು ಮಾಡುತ್ತದೆ ಎಂಬುದು ಹಳೆಯ ಸಂಗತಿ. ಆದರೆ ಒಂದು ವಿಷಯ ಮಾತ್ರ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಅಗಲಕೊಕ್ಕಿನ ಹಕ್ಕಿಗಳ ಮರಿಗಳು ಬಲಿತು ಹಾರಿಹೋಗುವ ಹೊತ್ತಿಗೂ ಅಲ್ಲಿನ ಗವಿಯೊಂದರಲ್ಲಿ ಕೆಲವು ಪ್ರೈಯಾನ್‌ಗಳು ಇನ್ನೂ ಮೊಟ್ಟೆಗೆ ಕಾವು ಕೊಡುತ್ತಾ ಕೂತಿರುತ್ತಿದ್ದವು. ಹಿಡಿದು ಅಳೆದು ನೋಡಿದರೆ ಅವುಗಳ ಕೊಕ್ಕು ಕೆಲವು ಮಿಲಿಮೀಟರಿನಷ್ಟು ಕಿರಿದು, ಬಣ್ಣದಲ್ಲಿ ತುಸು ನೀಲಿ. ಇದನ್ನು ಪಕ್ಷಿತಜ್ಞ ಪೀಟರ್ ರಯಾನ್ ಮತ್ತು ಸಂಗಡಿಗರು 2014ರಲ್ಲಿ ಬರೆದು ಪ್ರಕಟಿಸಿದರು. ಲಕ್ಷಗಟ್ಟಲೆ ಹಕ್ಕಿಗಳ ನಡುವೆ ಇನ್ನೊಂದು ಬಗೆಯ ಹಕ್ಕಿ ಯಾರ ಕಣ್ಣಿಗೂ ಬೀಳದೆ ಬದುಕಿತ್ತು.

ಕಣ್ಣಿಗೆ ಬೀಳದೆ ಸಾಯುತ್ತಲೂ ಇತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹಕ್ಕಿಯ ಪರಿಚಯವಾಗಲಿ.

ಪ್ರೈಯಾನ್ ಎಂದೊಡನೆ ಕೆಲವರಿಗೆ ಮಿದುಳಿನ ರೋಗ ನೆನಪಾಗಬಹುದು. ಅದು ಬೇರೆ. ಮಡಿಕೆ ತಪ್ಪಿ ರೋಗ ಹರಡುವ ಪ್ರೋಟೀನಿಗೆ 1982ರಲ್ಲಿ ಸ್ಟ್ಯಾನ್ಲಿ ಪ್ರುಸಿನರ್ ಕೊಟ್ಟ ಹೆಸರನ್ನು ಪ್ರಿಯಾನ್ ಎಂದು ಉಚ್ಚರಿಸಬೇಕು. ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ, ಉಚ್ಚಾರ ಬೇರೆ. ಕನ್ನಡದಲ್ಲಿ ಬರೆದಾಗ ಎರಡೂ ತಾವಾಗಿಯೇ ಬೇರೆಯಾಗುತ್ತವೆ. ಹಕ್ಕಿಯ ಹೆಸರು ಇದಕ್ಕಿಂತ ಎಷ್ಟೋ ಹಳೆಯದು. ಗ್ರೀಕ್ ಭಾಷೆಯಲ್ಲಿ ಪ್ರೈಯಾನ್ ಅಂದರೆ ಗರಗಸ. ಈ ಗುಂಪಿನ ಕೆಲವು ಹಕ್ಕಿಗಳ ಮೇಲ್ಗೊಕ್ಕಿನ ಒಳ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ತೆಳು ಪಟ್ಟಿಗಳ ಸಾಲು ಇರುತ್ತದೆ. ಅದನ್ನು ಕಂಡವರು ಗರಗಸ ಎಂದರು. ನಾವಿಕರು ಕೊಟ್ಟ ಹೆಸರು ತಿಮಿಂಗಿಲಹಕ್ಕಿ. ತಿಮಿಂಗಿಲ ಇದ್ದಲ್ಲಿ ಇವೂ ಸೇರುತ್ತವೆ ಎಂಬ ಕಾರಣ ಅದರ ಹಿಂದಿದೆ. ಅಷ್ಟೇ ಅಲ್ಲ, ಬಲೀನ್ ತಿಮಿಂಗಿಲ ಬಾಯೊಳಗಿನ ಜರಡಿಯಿಂದ ನೀರು ಸೋಸಿ ಸೀಗಡಿಯಂಥ ಜೀವಿಗಳನ್ನು ಹಿಡಿಯುವಂತೆಯೇ ಅಂಗೈಯಗಲದ ಈ ಹಕ್ಕಿಯೂ ಮಾಡುತ್ತದೆ.

ಅದು ಉಣ್ಣುವ ಬಗೆ ನೋಡುವಂಥದ್ದು. ರೆಕ್ಕೆ ಚಾಚಿ ನೀರಿನ ಮೇಲೆ ತೇಲಿದ ಹಾಗೆ ನಿಂತು, ಎರಡೂ ಕಾಲಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ, ಕೊಕ್ಕನ್ನೂ ಕೆಲವೊಮ್ಮೆ ಇಡೀ ತಲೆಯನ್ನೂ ನೀರಿನಲ್ಲಿ ಅದ್ದಿಕೊಂಡು ಮುಂದಕ್ಕೆ ಜಾರುತ್ತದೆ. ಬಾಯಿಗೆ ನುಗ್ಗಿದ ನೀರು ಗಲ್ಲದ ಕೆಳಗಿನ ಹಿಗ್ಗುವ ಚೀಲದಲ್ಲಿ ತುಂಬಿಕೊಳ್ಳುತ್ತದೆ. ದಪ್ಪ ನಾಲಿಗೆ ಒತ್ತಿದೊಡನೆ ನೀರು ಆ ಬಾಚಣಿಗೆ ಪಟ್ಟಿಗಳ ಸಂದಿನಿಂದ ಹೊರಗೆ ಹೋಗುತ್ತದೆ, ಕೋಪೆಪಾಡ್ ಎಂಬ ಸೀಗಡಿ ಬಳಗದ ಬಹಳ ಚಿಕ್ಕ ಜೀವಿಗಳು ಒಳಗೇ ಉಳಿಯುತ್ತವೆ. ಕೊಕ್ಕು ಅಗಲವಿದ್ದಷ್ಟೂ ಜರಡಿ ದೊಡ್ಡದು. ಕೊಕ್ಕು ಕಿರಿದಾದಂತೆ ಜರಡಿಯ ಕೆಲಸ ಕಡಿಮೆಯಾಗಿ, ಒಂದೊಂದೇ ಬೇಟೆಯನ್ನು ನೋಡಿ ಹೆಕ್ಕುವ ಕೆಲಸ ಹೆಚ್ಚುತ್ತದೆ. ಅಗಲಕೊಕ್ಕಿನ ಪ್ರೈಯಾನ್ ಮುಖ್ಯವಾಗಿ ಕೋಪೆಪಾಡ್ ಸೋಸುತ್ತದೆ. ಅಂಟಾರ್ಕ್ಟಿಕ್ ಪ್ರೈಯಾನ್ ಕ್ರಿಲ್ ತಿನ್ನುತ್ತದೆ. ತೆಳುಕೊಕ್ಕಿನ ಪ್ರೈಯಾನ್ ಆಂಫಿಪಾಡ್‌ಗಳನ್ನು ಹೆಕ್ಕುತ್ತದೆ. ಇವೂ ಸೀಗಡಿ ಬಳಗದವೇ. ಹಕ್ಕಿಯ ಊಟ, ಅದು ಹೋಗುವ ಕಡಲು, ಮೊಟ್ಟೆಯಿಡುವ ತಿಂಗಳು ಇವೆಲ್ಲ ಕೊಕ್ಕಿನ ಅಗಲಕ್ಕೆ ತಳಕು ಹಾಕಿಕೊಂಡಿವೆ. ವರ್ಗೀಕರಣಕಾರರು ಕೊಕ್ಕಿಗೆ ಜೋತುಬಿದ್ದಿದ್ದು ಬರೀ ಹುಚ್ಚಿನಿಂದಲ್ಲ.

ಬೇರೆ ಗುರುತು ಹಿಡಿಯೋಣವೆಂದರೆ ಸಿಗುವುದಿಲ್ಲ, ಅದೂ ಒಂದು ಕಾರಣ. ಎಲ್ಲ ಪ್ರೈಯಾನ್‌ಗಳೂ ಬೆನ್ನ ಮೇಲೆ ಬೂದುನೀಲಿ, ಹೊಟ್ಟೆ ಬಿಳಿ. ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇಂಗ್ಲಿಷಿನ ಎಂ ಅಕ್ಷರದಂತೆ ಕಪ್ಪು ಗೆರೆ, ಬಾಲದ ತುದಿಗೆ ಕಪ್ಪು ಪಟ್ಟಿ. ಉದ್ದ ಒಂದು ಗೇಣಿಗಿಂತ ತುಸು ಹೆಚ್ಚು, ಅಂದರೆ 25ರಿಂದ 30 ಸೆಂಟಿಮೀಟರ್. ಫೇರಿ ಪ್ರೈಯಾನ್ ತೂಗುವುದು ಸುಮಾರು 125 ಗ್ರಾಂ. ಅಗಲಕೊಕ್ಕಿನದು ಇನ್ನೂರರ ಹತ್ತಿರ ಬರುತ್ತದೆ. ಅಲೆಗಳ ನಡುವೆ ಗಾಳಿಯಲ್ಲಿ ಓಲಾಡುತ್ತಾ ಹಾರುವಾಗ ದೂರ್ಬೀನು ಹಿಡಿದ ಅನುಭವಿಗಳೂ ಇದು ಇಂಥದ್ದೇ ಎಂದು ಹೇಳಲು ಹಿಂಜರಿಯುತ್ತಾರೆ. ಕೈಯಲ್ಲಿ ಹಿಡಿದು ಕೊಕ್ಕಿನ ಬುಡಕ್ಕೆ ವರ್ನಿಯರ್ ಕ್ಯಾಲಿಪರ್ ಹಚ್ಚಿದಾಗಲೇ ಉತ್ತರ ಸಿಗುವುದು. ತೆಳುಕೊಕ್ಕಿನದಕ್ಕೆ 10-11 ಮಿಲಿಮೀಟರ್, ಅಂಟಾರ್ಕ್ಟಿಕ್ ಹಕ್ಕಿಗೆ 14ರ ಆಸುಪಾಸು, ಅಗಲಕೊಕ್ಕಿನದಕ್ಕೆ 20ಕ್ಕೂ ಮೇಲೆ. ಇವುಗಳ ನಡುವಿನ ಖಾಲಿ ಜಾಗದಲ್ಲಿ 16ರಿಂದ 18ರವರೆಗಿನ ಕೊಕ್ಕಿನವು ನಿಲ್ಲುತ್ತವೆ. ಗೋಜಲೆಲ್ಲ ಈ ನಡುವಿನವುಗಳದ್ದೇ.

ಕುಟುಂಬದ ವಿಷಯದಲ್ಲಿ ತಕರಾರಿಲ್ಲ. ಆಲ್ಬಟ್ರಾಸ್, ಪೆಟ್ರೆಲ್ ಎಂಬ ಕಡಲಹಕ್ಕಿಗಳಂತೆ ಇವೂ ಕೊಕ್ಕಿನ ಮೇಲೆ ಮೂಗಿನ ನಳಿಗೆ ಇರುವ ಗಣಕ್ಕೆ ಸೇರಿದವು, ಆ ಗಣದೊಳಗೆ ಪೆಟ್ರೆಲ್‌ಗಳ ಕುಟುಂಬ ಪ್ರೊಸೆಲ್ಲರಿಡೇ. ಕುಲ ಪಾಕಿಪ್ಟಿಲಾ, ಅಂದರೆ ದಪ್ಪ ಗರಿಯದ್ದು. 1811ರಲ್ಲಿ ಇಲ್ಲಿಗರ್ ಕೊಟ್ಟ ಹೆಸರು. ಕುಲದೊಳಗೆ ಎಷ್ಟು ಪ್ರಭೇದ ಎಂದು ಕೇಳಿದರೆ ಮಾತ್ರ ಉತ್ತರ ಒಂದಲ್ಲ. ಮೂರು ಎಂದವರಿದ್ದಾರೆ, ಆರು ಎಂದವರಿದ್ದಾರೆ, ಏಳು ಎನ್ನುವವರೂ ಇದ್ದಾರೆ.

ಹೆಸರುಗಳು ಬಂದ ದಾರಿಯೇ ಸ್ವಲ್ಪ ಅಡ್ಡಾದಿಡ್ಡಿ. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿದ್ದ ಗಿಯೊರ್ಗ್ ಫಾರ್ಸ್ಟರ್ 1777ರಲ್ಲಿ ಅಗಲಕೊಕ್ಕಿನ ಹಕ್ಕಿಗೆ ವಿಟ್ಟಾಟಾ ಎಂದು ಹೆಸರಿಟ್ಟ. ಅದು ನ್ಯೂಜಿಲೆಂಡಿನ ಡಸ್ಕಿ ಸೌಂಡ್ ಕೊಲ್ಲಿಯ ಹಕ್ಕಿ. ಅಂಟಾರ್ಕ್ಟಿಕ್ ಪ್ರೈಯಾನಿಗೆ ಡೆಸೊಲಾಟಾ ಎಂಬ ಹೆಸರು ಬಂದದ್ದು 1789ರಲ್ಲಿ, ಆಗ ಡೆಸೊಲೇಷನ್ ಅಂದರೆ ಬಿಕೋ ಎನ್ನುವ ದ್ವೀಪ ಎಂದು ಕರೆಸಿಕೊಳ್ಳುತ್ತಿದ್ದ, ದಕ್ಷಿಣ ಹಿಂದೂ ಮಹಾಸಾಗರದ ಕೆರ್ಗ್ಯುಲೆನ್‌ನಿಂದ. ಹೆಸರಿಟ್ಟ ಗ್ಮೆಲಿನ್ ಆ ಹಕ್ಕಿಯನ್ನು ಕಂಡವನಲ್ಲ, ಇನ್ನೊಬ್ಬರ ವರ್ಣನೆ ಓದಿ ಇಟ್ಟ ಹೆಸರು ಅದು. ಫೇರಿ ಪ್ರೈಯಾನಿಗೆ 1820ರಲ್ಲಿ ಹೈನ್ರಿಕ್ ಕೂಲ್ ಇಟ್ಟ ಟರ್ಟರ್ ಎಂಬ ಹೆಸರಿಗೆ ಬೆಳವ ಎಂದರ್ಥ. ಬೂದು ಮೈಯ ಸಾಧು ಹಕ್ಕಿಗೆ ಇಷ್ಟು ಚೆನ್ನಾಗಿ ಒಪ್ಪುವ ಹೆಸರು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

1912ರಲ್ಲಿ ಹೆಸರುಗಳ ಪ್ರವಾಹವೇ ಬಂತು. ಆಸ್ಟ್ರೇಲಿಯದ ಗ್ರೆಗರಿ ಮ್ಯಾಥ್ಯೂಸ್ ಹಣವಂತ, ಹಟವಾದಿ, ಹೆಸರಿಡುವುದರಲ್ಲಿ ಧಾರಾಳಿ. ಕೈಗೆ ಸಿಕ್ಕ ಒಂದೆರಡು ಒಣಗಿಸಿಟ್ಟ ಹಕ್ಕಿಚರ್ಮದಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೂ ಹೊಸ ಹೆಸರು ಕೊಟ್ಟುಬಿಡುತ್ತಿದ್ದರು. ಸಾಲ್ವಿನ್, ಬೆಲ್ಚರ್, ಮ್ಯಾಕ್‌ಗಿಲಿವ್ರೆ ಈ ಮೂವರು ಪಕ್ಷಿಪ್ರಿಯರ ಹೆಸರು ಪ್ರೈಯಾನ್‌ಗಳಿಗೆ ಅಂಟಿದ್ದು ಆ ಒಂದೇ ವರ್ಷದಲ್ಲಿ. ಮ್ಯಾಥ್ಯೂಸ್ ಕೊಟ್ಟ ಹೆಸರುಗಳಲ್ಲಿ ಬಹಳಷ್ಟನ್ನು ನಂತರದವರು ತೆಗೆದುಹಾಕಿದರು, ತೆಗೆದದ್ದು ಸರಿಯೂ ಹೌದು. ಆದರೆ ಹಾಗೆ ಕಸ ಗುಡಿಸುವ ಭರದಲ್ಲಿ ಹಿಂದೂ ಮಹಾಸಾಗರದ ಸೇಂಟ್ ಪಾಲ್ ದ್ವೀಪದ ಮ್ಯಾಕ್‌ಗಿಲಿವ್ರೆ ಪ್ರೈಯಾನ್ ಕೂಡ ಬದಿಗೆ ಸರಿಯಿತು. ಒಬ್ಬರು ಅದನ್ನು ಸಾಲ್ವಿನ್ ಪ್ರೈಯಾನಿನ ಉಪಪ್ರಭೇದ ಎಂದರು, ಇನ್ನೊಬ್ಬರು ಅಗಲಕೊಕ್ಕಿನದರ ಕೆಳಗೆ ಹಾಕಿದರು. ಸ್ವಂತ ಹೆಸರಿನ ಪ್ರಭೇದವಾಗಿ ಅದನ್ನು ನೋಡಿದವರು ಕಡಿಮೆ.

ಕೊಕ್ಕಿನ ಅಗಲ ನೋಡಿದರೆ ಎಲ್ಲವೂ ಒಂದೇ ಏಣಿಯ ಮೆಟ್ಟಿಲುಗಳಂತೆ ಕಾಣುತ್ತವೆ: ಅಂಟಾರ್ಕ್ಟಿಕ್, ಅದರ ಮೇಲೆ ಸಾಲ್ವಿನ್, ಅದರ ಮೇಲೆ ಮ್ಯಾಕ್‌ಗಿಲಿವ್ರೆ, ತುದಿಯಲ್ಲಿ ಅಗಲಕೊಕ್ಕಿನದು. ಏಣಿಯಂತೆ ಕಂಡದ್ದನ್ನು ಏಣಿಯೆಂದೇ ನಂಬುವುದು ಸಹಜ. ಡಿಎನ್‌ಎ ಓದಲು ಸಾಧ್ಯವಾದ ಮೇಲೆ ಏಣಿ ಮುರಿಯಿತು.

ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದ ಹುವಾನ್ ಮಾಸೆಯೊ ಮತ್ತು ಸಂಗಡಿಗರು 2019ರಲ್ಲಿ ಸಾಲ್ವಿನ್ ಪ್ರೈಯಾನಿನ ಬಗ್ಗೆ ಪ್ರಕಟಿಸಿದ ಫಲಿತಾಂಶ ಪಕ್ಷಿಲೋಕದಲ್ಲಿ ಅಪರೂಪದ್ದು. ಸಾಲ್ವಿನ್ ಪ್ರೈಯಾನ್ ಎರಡು ಪ್ರಭೇದಗಳ ಮಿಲನದಿಂದ ಹುಟ್ಟಿದ ಮೂರನೆಯ ಪ್ರಭೇದ. ಒಂದು ಕಡೆ ಅಗಲಕೊಕ್ಕಿನದು, ಇನ್ನೊಂದು ಕಡೆ ಅಂಟಾರ್ಕ್ಟಿಕ್. ಮಿಶ್ರತಳಿಗಳು ಸಾಮಾನ್ಯವಾಗಿ ಒಂದೆರಡು ತಲೆಮಾರಿನಲ್ಲಿ ತಾಯಿಯ ಕಡೆಗೋ ತಂದೆಯ ಕಡೆಗೋ ಕರಗಿಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಎರಡರ ನಡುವಿನ ಅಗಲದ ಕೊಕ್ಕು ಸಿಕ್ಕಿದ್ದರಿಂದ ಎರಡಕ್ಕೂ ಸರಿಯಾಗಿ ಎಟುಕದ ಗಾತ್ರದ ಆಹಾರ ಇದಕ್ಕೆ ದಕ್ಕಿತು. ಮರಿ ಮಾಡುವ ಕಾಲವೂ ಹಿಂದುಮುಂದಾಯಿತು, ಹಾಗಾಗಿ ಮೂಲದವುಗಳ ಜೊತೆ ಮತ್ತೆ ಬೆರೆಯುವ ಅವಕಾಶ ಕಡಿಮೆಯಾಯಿತು. ದಕ್ಷಿಣ ಹಿಂದೂ ಮಹಾಸಾಗರದ ಮೇರಿಯನ್ ದ್ವೀಪದಲ್ಲೂ ಕ್ರೋಜೆ ದ್ವೀಪಗಳಲ್ಲೂ ಇಂದು ಅದು ತನ್ನ ಪಾಡಿಗೆ ತಾನು ಬಾಳುತ್ತಿದೆ. ಜೀವಿಗಳ ವಂಶ ಮರದ ಕೊಂಬೆಯಂತೆ ಕವಲೊಡೆಯುತ್ತಲೇ ಹೋಗುತ್ತದೆ ಎಂದು ಪಾಠದಲ್ಲಿ ಓದಿದ್ದೇವೆ. ಈ ಹಕ್ಕಿಯಲ್ಲಿ ಎರಡು ಕೊಂಬೆ ಕೂಡಿಕೊಂಡು ಮೂರನೆಯದು ಚಿಗುರಿದೆ.

ಹಾಗಾದರೆ ಮ್ಯಾಕ್‌ಗಿಲಿವ್ರೆ ಪ್ರೈಯಾನ್ ಕೂಡ ಇಂಥದೇ ಬೆರಕೆಯೇ? ಅದರ ಕೊಕ್ಕೂ ನಡುವಿನದ್ದು. ಹಾಗೆಂದು ಊಹಿಸುವುದರಲ್ಲಿ ತಪ್ಪೇನಿರಲಿಲ್ಲ. 2022ರಲ್ಲಿ ಅದೇ ಗುಂಪು ರಯಾನ್ ಮೊದಲಾದವರ ಜೊತೆ ಸೇರಿ ನಡೆಸಿದ ಅಧ್ಯಯನದಲ್ಲಿ ಉತ್ತರ ಬೇರೆಯೇ ಬಂತು. ಮ್ಯಾಕ್‌ಗಿಲಿವ್ರೆ ಹಕ್ಕಿಯ ಕೊಕ್ಕು ಮಿಲನದ ಫಲವಲ್ಲ. ಅದು ತನ್ನದೇ ದಾರಿಯಲ್ಲಿ ದೂರ ಸರಿಯುತ್ತಾ ಆ ಅಗಲಕ್ಕೆ ಬಂದು ನಿಂತಿದೆ. ಹೆಚ್ಚುಕಡಿಮೆ ಒಂದೇ ಅಗಲದ ಎರಡು ಕೊಕ್ಕುಗಳಿಗೆ ಎರಡು ಬೇರೆ ಬೇರೆ ಚರಿತ್ರೆ. ಅದೇ ಅಧ್ಯಯನ ಗಾಫ್ ದ್ವೀಪದ ಗವಿಯ ಒಗಟನ್ನೂ ಬಿಡಿಸಿತು. ಅಲ್ಲಿ ಮೂರು ತಿಂಗಳು ತಡವಾಗಿ ಮರಿ ಮಾಡುವ ಹಕ್ಕಿ ಮ್ಯಾಕ್‌ಗಿಲಿವ್ರೆ ಪ್ರೈಯಾನೇ. ಎಂದೋ ಒಮ್ಮೆ ಹಿಂದೂ ಮಹಾಸಾಗರದ ಸೇಂಟ್ ಪಾಲ್‌ನಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು ಅಟ್ಲಾಂಟಿಕ್‌ನಲ್ಲಿ ನೆಲೆಯೂರಿದ ಸಂತತಿ ಅದು.

ಫೇರಿ ಮತ್ತು ಫುಲ್ಮಾರ್ ಪ್ರೈಯಾನ್‌ಗಳ ಕಥೆಯಲ್ಲೂ ಕೊಕ್ಕು ಹೀಗೆಯೇ ದಾರಿ ತಪ್ಪಿಸಿತ್ತು. ತೋರ ಕೊಕ್ಕಿನವೆಲ್ಲ ಫುಲ್ಮಾರ್, ಸಪೂರ ಕೊಕ್ಕಿನವೆಲ್ಲ ಫೇರಿ ಎಂಬುದು ಹಳೆಯ ವಿಂಗಡಣೆ. ಬೇರೆ ಬೇರೆ ದ್ವೀಪಗಳಲ್ಲಿ ತೋರ ಕೊಕ್ಕು ಬೇರೆ ಬೇರೆಯಾಗಿಯೇ ವಿಕಾಸಗೊಂಡಿದೆ, ಈ ಎರಡು ಹೆಸರುಗಳ ಕೆಳಗೆ ಇನ್ನೂ ಹೆಚ್ಚು ಪ್ರಭೇದಗಳಿರಬಹುದು ಎಂದು 2022ರ ಜೀನೋಮ್ ಅಧ್ಯಯನವೊಂದು ತೋರಿಸಿತು.

ಜಗತ್ತಿನ ಹಕ್ಕಿಗಳ ಪಟ್ಟಿಯೇ ಬಹುಕಾಲ ಒಂದಿರಲಿಲ್ಲ. ಒಂದು ಪಟ್ಟಿಯಲ್ಲಿ ಪ್ರಭೇದವಾಗಿದ್ದ ಹಕ್ಕಿ ಇನ್ನೊಂದರಲ್ಲಿ ಉಪಪ್ರಭೇದ. ಮುಖ್ಯ ಪಟ್ಟಿಗಳನ್ನು ಒಟ್ಟುಗೂಡಿಸಿ 2025ರ ಜೂನ್‌ನಲ್ಲಿ ಆವಿಲಿಸ್ಟ್ ಎಂಬ ಒಂದೇ ಪಟ್ಟಿ ಹೊರಬಂತು, ಅದರಲ್ಲಿ 11,131 ಪ್ರಭೇದಗಳಿವೆ. ಪಟ್ಟಿ ಒಂದಾದದ್ದು ಒಳ್ಳೆಯದೇ. ಆದರೆ ಅಂಕೆ ಅಂತಿಮ ಎಂದು ಯಾರೂ ತಿಳಿಯಬಾರದು. ಪ್ರೈಯಾನ್‌ಗಳಂಥ ಗುಂಪಿನಲ್ಲಿ ಗೆರೆ ಎಲ್ಲಿ ಎಳೆಯಬೇಕೆಂಬುದು ಇನ್ನೂ ಬಹಳ ಕಾಲ ಚರ್ಚೆಯಾಗುತ್ತದೆ.

ಇಷ್ಟೆಲ್ಲ ಮಿಲಿಮೀಟರ್ ಲೆಕ್ಕ ಯಾಕೆ, ಎಲ್ಲವೂ ಪ್ರೈಯಾನ್ ಎಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಗಾಫ್ ದ್ವೀಪವನ್ನೇ ತೋರಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳಿಂದ ಮನೆಯಿಲಿಗಳು ಈ ದ್ವೀಪಕ್ಕೆ ಇಳಿದವು. ಚಳಿಗಾಲದಲ್ಲಿ ತಿನ್ನಲು ಏನೂ ಸಿಗದ ಆ ನೆಲದಲ್ಲಿ ಅವು ಮಾಂಸ ಕಲಿತವು. ಬೇರೆ ಕಡೆಯ ಮನೆಯಿಲಿಗಿಂತ ಮೈಯಲ್ಲೂ ಬಹಳ ದೊಡ್ಡದಾದವು. ರಾತ್ರಿ ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಮರಿಯನ್ನು, ತಮಗಿಂತ ನೂರಾರು ಪಟ್ಟು ಭಾರದ ಮರಿಯನ್ನು, ಜೀವಂತವಾಗಿ ಕಡಿದು ತಿನ್ನುವುದು ಕ್ಯಾಮೆರಾದಲ್ಲಿ ದಾಖಲಾಗಿದೆ. ಹೊರಗೆ ಕೂತ ದೊಡ್ಡ ಮರಿಗೇ ಈ ಗತಿಯಾದರೆ ಬಿಲದೊಳಗೆ ಬೊಗಸೆಯಷ್ಟಿರುವ ಪ್ರೈಯಾನ್ ಮರಿಯ ಪಾಡು ಹೇಳಬೇಕಿಲ್ಲ.

ಹೆಸರಿನ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ತಡವಾಗಿ ಮರಿ ಮಾಡುವ ಗವಿಯ ಹಕ್ಕಿಗಳ ಗೂಡುಗಳಲ್ಲಿ ವರ್ಷದಿಂದ ವರ್ಷಕ್ಕೆ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಇಲಿಗಳ ಪಾಲಾಗುತ್ತಿದ್ದವು. ಅವನ್ನೂ ಅಗಲಕೊಕ್ಕಿನ ಪ್ರೈಯಾನ್ ಎಂದೇ ಎಣಿಸಿದರೆ ಆ ಸಾವು ಲಕ್ಷಗಳ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ದಕ್ಷಿಣದ ಹಲವು ದ್ವೀಪಗಳಲ್ಲಿ ಸಮೃದ್ಧವಾಗಿರುವ ಹಕ್ಕಿ, ಒಂದು ಕಡೆ ಸ್ವಲ್ಪ ಕಡಿಮೆಯಾದರೇನು ಎಂದು ಕಡತ ಮುಚ್ಚಬಹುದು. ಬೇರೆ ಪ್ರಭೇದ ಎಂದು ಗುರುತಿಸಿದ ಕ್ಷಣ ಲೆಕ್ಕವೇ ತಿರುಗುತ್ತದೆ. ಜಗತ್ತಿನಲ್ಲಿ ಅದಕ್ಕೆ ಇರುವುದು ಎರಡೇ ನೆಲೆ, ಸೇಂಟ್ ಪಾಲ್‌ನಲ್ಲಿ ಅಳಿದುಳಿದ ಒಂದು ಸಣ್ಣ ಗುಂಪು ಮತ್ತು ಗಾಫ್. ದೊಡ್ಡ ನೆಲೆಯಲ್ಲಿ ಮರಿಯೇ ಉಳಿಯುತ್ತಿಲ್ಲ. ಪ್ರೈಯಾನ್ ಬಹಳ ವರ್ಷ ಬದುಕುವ ಹಕ್ಕಿ, ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾಗಾಗಿ ಮರಿಗಳು ಸತ್ತರೂ ದೊಡ್ಡ ಹಕ್ಕಿಗಳ ಗುಂಪು ಹಾರುತ್ತಲೇ ಇರುತ್ತದೆ, ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಆ ತಲೆಮಾರು ಮುದಿಯಾಗಿ ಕಡಲಲ್ಲಿ ಒಂದೊಂದಾಗಿ ಮರೆಯಾದಾಗಲೇ ಖಾಲಿತನ ಕಾಣುವುದು.

ಮೇರಿಯನ್ ದ್ವೀಪದ ಲೆಕ್ಕ ಇನ್ನೂ ಎದೆ ಹಿಂಡುತ್ತದೆ. ಹವಾಮಾನ ಕೇಂದ್ರದ ಇಲಿ ಕಾಟಕ್ಕೆಂದು 1949ರಲ್ಲಿ ಅಲ್ಲಿಗೆ ಒಯ್ದದ್ದು ಐದೇ ಬೆಕ್ಕು. 1970ರ ದಶಕದ ನಡುವಿಗೆ ಅವು ಎರಡು ಸಾವಿರ ದಾಟಿದವು. ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಬಿಲವಾಸಿ ಕಡಲಹಕ್ಕಿಗಳನ್ನು ಕೊಲ್ಲುತ್ತಿದ್ದವು ಎಂಬ ಅಂದಾಜಿದೆ, ಅವುಗಳಲ್ಲಿ ಸಾಲ್ವಿನ್ ಪ್ರೈಯಾನ್‌ಗಳದ್ದೇ ದೊಡ್ಡ ಪಾಲು. ಕೊನೆಯ ಬೆಕ್ಕನ್ನು ತೆಗೆದದ್ದು 1991ರಲ್ಲಿ. ಬೆಕ್ಕು ಹೋದ ಮೇಲೂ ಇಲಿಗಳು ಉಳಿದುಕೊಂಡಿವೆ.

ಇಷ್ಟು ಸುಲಭದ ಬೇಟೆಯಾಗಲು ಕಾರಣ ಈ ಹಕ್ಕಿಗಳು ಕಲಿತ ಎಚ್ಚರಿಕೆಯೇ. ಲಕ್ಷಾಂತರ ವರ್ಷ ಅವಕ್ಕಿದ್ದ ಹಗೆ ಸ್ಕುವಾದಂಥ ದೊಡ್ಡ ಹಕ್ಕಿಗಳು, ಅವು ಆಕಾಶದಿಂದ ಎರಗುವಂಥವು. ಅದಕ್ಕೇ ಪ್ರೈಯಾನ್ ಹಗಲು ಗೂಡಿಗೆ ಬರುವುದಿಲ್ಲ, ಕತ್ತಲಾದ ಮೇಲೆ ಬರುತ್ತದೆ. ಬೆಳುದಿಂಗಳಿದ್ದರೆ ಆಗಲೂ ಹಿಂಜರಿಯುತ್ತದೆ. ನೆಲಕ್ಕಿಳಿದೊಡನೆ ಬಿಲ ಹೊಕ್ಕುಬಿಟ್ಟರೆ ಜೀವ ಉಳಿಯಿತು. ನಾಲ್ಕು ಕಾಲಿನ ಹಗೆ ಬಿಲದೊಳಕ್ಕೇ ನುಗ್ಗಿ ಬಂದಾಗ ಆ ಎಚ್ಚರಿಕೆ ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ.

ಕಗ್ಗತ್ತಲಲ್ಲಿ ಸಾವಿರಾರು ಬಿಲಗಳ ನಡುವೆ ತನ್ನದನ್ನು ಹುಡುಕುವ ಅದರ ಶಕ್ತಿ ಮೂಗಿನಲ್ಲಿದೆ. ಅಂಟಾರ್ಕ್ಟಿಕ್ ಪ್ರೈಯಾನ್‌ಗಳ ಮೇಲೆ ಫ್ರಾನ್ಚೆಸ್ಕೊ ಬೊನಡೊನ್ನಾ ಮತ್ತು ಗೇಬ್ರಿಯಲ್ ನೆವಿಟ್ ಕೆರ್ಗ್ಯುಲೆನ್‌ನಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಸರಳ. ವೈ ಆಕಾರದ ಕೊಳವೆಯೊಳಗೆ ಹಕ್ಕಿಯನ್ನು ಬಿಟ್ಟರು. ಒಂದು ಕವಲಿನಿಂದ ಅದರ ಜೊತೆಗಾರನ ಮೈವಾಸನೆ, ಇನ್ನೊಂದರಿಂದ ಬೇರೊಂದು ಹಕ್ಕಿಯದು. ಹಕ್ಕಿ ಜೊತೆಗಾರನ ವಾಸನೆಯತ್ತಲೇ ನಡೆಯಿತು. ತನ್ನದೇ ವಾಸನೆ ಒಂದು ಕಡೆ, ಪರಕೀಯ ಹಕ್ಕಿಯ ವಾಸನೆ ಒಂದು ಕಡೆ ಇಟ್ಟಾಗ ತನ್ನದನ್ನು ಬಿಟ್ಟು ಮತ್ತೊಂದರತ್ತ ಹೋಯಿತು. ಕಡಲಿನಲ್ಲೂ ಅದೇ ಮೂಗು ದಾರಿ ತೋರಿಸುತ್ತದೆ. ಕ್ರಿಲ್‌ಗಳು ಪಾಚಿಯನ್ನು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹೊರಬೀಳುತ್ತದೆ, ಪ್ರೈಯಾನ್‌ಗಳು ಗಾಳಿಯಲ್ಲಿ ಅದರ ಜಾಡು ಹಿಡಿದು ಆಹಾರವಿದ್ದಲ್ಲಿಗೆ ಬರುತ್ತವೆ.

ಬಿಲದ ಬಾಳು ಎಲ್ಲ ಕಡೆಯೂ ದುಃಖದ್ದೇ ಅಲ್ಲ. ನ್ಯೂಜಿಲೆಂಡಿನ ಟಕಾಪೊರೆವಾ ದ್ವೀಪದಲ್ಲಿ ಫೇರಿ ಪ್ರೈಯಾನ್‌ಗಳ ಬಿಲವನ್ನು ಟುವಟಾರಾ ಎಂಬ ಪ್ರಾಚೀನ ಸರೀಸೃಪ ಹಂಚಿಕೊಳ್ಳುತ್ತದೆ. ಹಕ್ಕಿ ತೋಡಿದ ಮನೆ, ಓತಿಯಂತೆ ಕಾಣುವ ಬಾಡಿಗೆದಾರ. ಹಕ್ಕಿಯ ಹಿಕ್ಕೆಯಿಂದ ಮಣ್ಣು ಹದವಾಗುತ್ತದೆ, ಹುಳಹುಪ್ಪಟೆ ಹೆಚ್ಚುತ್ತವೆ, ಟುವಟಾರಾ ಅವನ್ನು ತಿನ್ನುತ್ತದೆ. ಒಮ್ಮೊಮ್ಮೆ ಮೊಟ್ಟೆಯನ್ನೂ ಮರಿಯನ್ನೂ ತಿಂದುಬಿಡುತ್ತದೆ. ಆದರೂ ಎರಡೂ ಲೆಕ್ಕ ತಪ್ಪದೆ ಇಷ್ಟು ಕಾಲ ಜೊತೆಗೆ ಬಾಳಿವೆ. ಕಡಲಿನ ಸಾರವನ್ನು ನೆಲಕ್ಕೆ ತಂದು ಸುರಿಯುವ ಕೆಲಸವನ್ನು ಈ ಹಕ್ಕಿಗಳು ಎಲ್ಲ ದ್ವೀಪಗಳಲ್ಲೂ ಮಾಡುತ್ತವೆ. ಹಕ್ಕಿ ಹೋದ ದ್ವೀಪದಲ್ಲಿ ಮಣ್ಣೂ ಸೊರಗುತ್ತದೆ.

ಕಡಲೂ ಒಮ್ಮೊಮ್ಮೆ ಕೈಬಿಡುತ್ತದೆ. 2011ರ ಜುಲೈನಲ್ಲಿ ದಿನಗಟ್ಟಲೆ ಬೀಸಿದ ಬಿರುಗಾಳಿಗೆ ಉಣ್ಣಲಾಗದೆ ಸೊರಗಿದ ಪ್ರೈಯಾನ್‌ಗಳು ನ್ಯೂಜಿಲೆಂಡಿನ ಪಶ್ಚಿಮ ತೀರಕ್ಕೆ ಬಂದು ಬಿದ್ದವು. ಸತ್ತವು ಸುಮಾರು ಎರಡೂವರೆ ಲಕ್ಷ ಎಂದು ಅಂದಾಜು ಮಾಡಲಾಗಿದೆ, ಬಹುಪಾಲು ಅಗಲಕೊಕ್ಕಿನವು. ತೀರದಲ್ಲಿ ಬಿದ್ದ ಹಕ್ಕಿಗಳ ಕೊಕ್ಕು ಅಳೆದು ಯಾವುದು ಎಷ್ಟು ಎಂದು ವಿಂಗಡಿಸಿದ್ದರಿಂದಲೇ ಈ ಮಾತು ಹೇಳಲು ಸಾಧ್ಯವಾಯಿತು.

ಗಾಫ್‌ನ ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡಲು 2021ರ ಚಳಿಗಾಲದಲ್ಲಿ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಮುಂದಾಳತ್ವದಲ್ಲಿ ಹೆಲಿಕಾಪ್ಟರ್‌ಗಳಿಂದ ದ್ವೀಪದ ಮೂಲೆಮೂಲೆಗೂ ವಿಷದ ಕಾಳು ಉದುರಿಸಲಾಯಿತು. ಅದೇ ಡಿಸೆಂಬರ್‌ನಲ್ಲಿ ಕ್ಯಾಮೆರಾ ಮುಂದೆ ಒಂದು ಇಲಿ ಹಾದುಹೋಯಿತು. ಒಂದು ಇಲಿ ಇದೆ ಎಂದರೆ ಇನ್ನೂ ಇವೆ ಎಂದೇ ಅರ್ಥ. ವರ್ಷಗಳ ಸಿದ್ಧತೆ ನೀರಿಗೆ ಹೋಯಿತು. ಆದರೆ ಇಲಿಗಳು ಮತ್ತೆ ತುಂಬಿಕೊಳ್ಳುವ ಮುನ್ನ ಸಿಕ್ಕ ಆ ಒಂದು ಬೇಸಿಗೆಯಲ್ಲಿ ಮ್ಯಾಕ್‌ಗಿಲಿವ್ರೆ ಪ್ರೈಯಾನ್‌ಗಳ ಬಹುಪಾಲು ಮರಿಗಳು ಬಲಿತು ಕಡಲಿಗೆ ಹಾರಿದವು. ಇಲಿ ಇಲ್ಲದಿದ್ದರೆ ಈ ಹಕ್ಕಿ ತಾನಾಗಿಯೇ ಉಳಿದುಕೊಳ್ಳುತ್ತದೆ ಎಂಬುದಕ್ಕೆ ಅಲ್ಲಿ ಸಿಕ್ಕ ಮೊದಲ ಕಣ್ಣಾರೆ ಸಾಕ್ಷಿ ಅದು. ಮತ್ತೊಮ್ಮೆ ಪ್ರಯತ್ನ ಆಗಲೇಬೇಕು ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಈ ವಂಶ ಹೊರಟು ಬಂದ ಸೇಂಟ್ ಪಾಲ್ ದ್ವೀಪದಲ್ಲಿ ಆ ಕೆಲಸ ಗೆದ್ದು ಬಂದಿದೆ. ಹೆಗ್ಗಣಗಳು ದ್ವೀಪವನ್ನೆಲ್ಲ ಆಕ್ರಮಿಸಿದ್ದಾಗ ಪ್ರೈಯಾನ್‌ಗಳು ಉಳಿದದ್ದು ತೀರದಾಚೆ ನೀರಿನಿಂದ ಎದ್ದು ನಿಂತ ರೋಶ್ ಕೀಯ್ ಎಂಬ ಒಂಟಿ ಬಂಡೆಯ ಮೇಲೆ, ಕೆಲವೇ ನೂರು ಜೋಡಿಗಳಾಗಿ. 1997ರಲ್ಲಿ ಹೆಗ್ಗಣಗಳನ್ನು ತೆಗೆದರು. ಅದಾದ ಮೇಲೆ ಬಂಡೆಯ ಹಕ್ಕಿಗಳು ರಾತ್ರಿ ಹೊತ್ತು ಕಿರಿದಾದ ಆ ನೀರು ದಾಟಿ ದ್ವೀಪದ ಇಳಿಜಾರುಗಳಲ್ಲಿ ಮತ್ತೆ ಬಿಲ ತೋಡಲು ಶುರುಮಾಡಿವೆ.